ಟಿವಿಯಲ್ಲಿ ಮಾತು ಮುಳುಗುವುದೇಕೆ?

ಮಾನ್ಯರೇ,

ಟಿವಿಯಲ್ಲಿ ಸಿನಿಮಾ ಬಂದಾಗ ಸಂಗೀತ ಅಬ್ಬರಿಸಿ ಮಾತೇ ಕೇಳದಂತಾಗುತ್ತದೆ. 5.1 ಧ್ವನಿಯನ್ನು (ಮುಂದೆ ಮೂರು, ಹಿಂದೆ ಎರಡು, ಆಳದ ಸದ್ದಿನ ಸಬ್‌ವೂಫರ್‌ಗೊಂದು ಚಾನೆಲ್) ಎರಡು ಸ್ಪೀಕರ್‌ಗೆ ಇಳಿಸುವಾಗ ಆಗುವ ಎಡವಟ್ಟಿದು. ಸಂಭಾಷಣೆ ಇರುವುದು ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲಿ. ಅದನ್ನು 3 ಡೆಸಿಬಲ್ ತಗ್ಗಿಸಿ ಎಡಬಲಕ್ಕೆ ಸಮನಾಗಿ ಬೆರೆಸುವುದು ರೂಢಿ. ಹಿಂಬದಿಯ ಚಾನೆಲ್‌ಗಳೂ ಅಲ್ಲಿಗೇ ಸೇರಿ ಮಳೆ, ಜನರ ಗದ್ದಲವೆಲ್ಲ ಮಾತಿನ ಮೇಲೇ ಬಂದು ಕೂರುತ್ತವೆ. ಸಬ್‌ವೂಫರ್ ಚಾನೆಲನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತದೆ. ಗುಡುಗನ್ನು ಅದರಲ್ಲಷ್ಟೇ ಇಟ್ಟಿದ್ದರೆ ಮನೆಗೆ ತಲುಪುವುದು ಮಿಂಚು ಮಾತ್ರ.

ಸಿನಿಮಾದ ಧ್ವನಿಗಳನ್ನು ಬೆರೆಸಿ ಮಿಕ್ಸ್ ಮುಗಿಸಿದವರು ಅದನ್ನು ಸಣ್ಣ ಟಿವಿ ಸ್ಪೀಕರ್‌ನಲ್ಲಿ, ಕಡಿಮೆ ವಾಲ್ಯೂಮಿನಲ್ಲಿ, ಒಮ್ಮೆ ಮೊನೊದಲ್ಲೂ (ಎಡಬಲ ಎರಡನ್ನೂ ಒಂದಾಗಿಸಿ) ಕೇಳಲೇಬೇಕು. ಒಂದು ಬದಿಯ ಫೇಸ್ ತಿರುಗಿದ್ದರೆ, ಅಂದರೆ ಧ್ವನಿ ಅಲೆಯ ಏರಿಳಿತ ತಲೆಕೆಳಗಾಗಿದ್ದರೆ, ಸ್ಟೀರಿಯೊದಲ್ಲಿ ವಿಶಾಲವಾಗಿ ಕೇಳಿದ ಧ್ವನಿ ಮೊನೊದಲ್ಲಿ ಮಾಯವಾಗುತ್ತದೆ.

ಹೆಚ್ಚುವರಿ ಸ್ಪೀಕರ್ ಇಲ್ಲದ ಮನೆಯವರು ಸೆಟ್‌ಟಾಪ್ ಬಾಕ್ಸ್‌ನ ಆಡಿಯೊ ಸೆಟ್ಟಿಂಗ್ ‘ಸ್ಟೀರಿಯೊ’ ಅಥವಾ ‘ಪಿಸಿಎಂ’ನಲ್ಲಿ (ಟಿವಿ ನೇರವಾಗಿ ನುಡಿಸಬಲ್ಲ ಸಾದಾ ಡಿಜಿಟಲ್ ಧ್ವನಿ) ಇದೆಯೇ ನೋಡಿಕೊಳ್ಳಲಿ.

— ಧ್ವನಿ ತಂತ್ರಜ್ಞರು, ಬೆಂಗಳೂರು