ಪಾಳು ಆಸ್ಪತ್ರೆಯ ಕಥೆ ಬರೆದ ಹುಡುಗನಿಗೆ

ಪ್ರೀತಿಯ ತಮ್ಮಾ,

ನಿನ್ನ ಕಥೆ ಮೊನ್ನೆ ರಾತ್ರಿ ಓದಿದೆ. ಇಲ್ಲಿ ಉಡುಪಿಯಲ್ಲಿ ಕರೆಂಟ್ ಹೋಗಿತ್ತು, ಹೊರಗೆ ಜಡಿಮಳೆ. ದೆವ್ವದ ಕಥೆಗೆ ಇದಕ್ಕಿಂತ ಒಳ್ಳೆ ಹೊತ್ತು ಸಿಗಲಿಕ್ಕಿಲ್ಲ. ಆದರೂ ನನಗೆ ಹೆದರಿಕೆ ಆಗಲಿಲ್ಲ ಮಾರಾಯ.

ಪಾಳುಬಿದ್ದ ಹುಚ್ಚಾಸ್ಪತ್ರೆಗಳ ಫೋಟೋ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ, ಇದು ಕೆಟ್ಟ ಚಟವಾ ಅಂತ ಕೇಳಿದ್ದೀಯ. ಚಟ ಹೌದು, ನನಗೂ ಇದೆ. ಆ ಕಟ್ಟಡಗಳು ಅಷ್ಟು ಚಂದ ಕಾಣುವುದು ಸುಮ್ನೆ ಅಲ್ಲ. 19ನೇ ಶತಮಾನದಲ್ಲಿ ಅಮೆರಿಕದ ಡಾಕ್ಟರ್ ಥಾಮಸ್ ಕಿರ್ಕ್‌ಬ್ರೈಡ್, ಕಟ್ಟಡ ಸರಿ ಇದ್ದರೆ ಅದೇ ಅರ್ಧ ಮದ್ದು ಅಂತ ನಂಬಿದ್ದರು. ಹಾಗಾಗಿ ಉದ್ದುದ್ದ ವಾರ್ಡು, ದೊಡ್ಡ ದೊಡ್ಡ ಕಿಟಕಿ. ನೀನು ಮರುಳಾಗುವ ಆ ಬೆಳಕು ರೋಗಿಗಳಿಗೆ ಅಂತಲೇ ಒಳಗೆ ಬಿಟ್ಟದ್ದು. ಆಮೇಲೆ ಏನಾಯಿತು? ವೆಸ್ಟ್ ವರ್ಜೀನಿಯಾದ ವೆಸ್ಟನ್‌ನಲ್ಲಿ 250 ಜನಕ್ಕೆಂದು ಕಟ್ಟಿದ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಸುಮಾರು 2,400 ಜನ ಇದ್ದರು. 1994ರಲ್ಲಿ ಬಾಗಿಲು ಹಾಕಿತು. ಖಾಲಿ ಕಾರಿಡಾರಿನ ಫೋಟೋದಲ್ಲಿ ಆ ನೂಕುನುಗ್ಗಲು ಕಾಣುವುದೇ ಇಲ್ಲ.

ನೀನು ಆಸ್ಪತ್ರೆ ಇಟ್ಟದ್ದು ಮಂಗಳೂರಿನ ಗುಡ್ಡದ ಮೇಲೆ, ಆದರೆ ಗೋಡೆಯ ಬಣ್ಣ ಆ ಫೋಟೋಗಳ ಹಾಗೆ ಸುರುಳಿ ಸುರುಳಿ ಎದ್ದಿದೆ. ನಮ್ಮಲ್ಲಿ ಮನೆ ಹಾಗಾ ಹಾಳಾಗುವುದು? ಮೊದಲು ಎರಡು ಹಂಚು ಜಾರುತ್ತವೆ. ಆ ಸಂದಿಯಲ್ಲಿ ಮಳೆಗಾಲವಿಡೀ ನೀರು ಇಳಿದು ಹಂಚಿನಡಿಯ ರೀಪು ಕೊಳೆತು ಕುಂಬಾಗುತ್ತದೆ, ಅದನ್ನು ಹೊತ್ತ ಪಕ್ಕಾಸಿಗೆ ಒರಲೆ ಹತ್ತುತ್ತದೆ, ಗೋಡೆ ತುಂಬ ಪಾಚಿ, ಆಮೇಲೆ ನಡುಮನೆಯಲ್ಲೇ ಗಿಡ.

ನಾನೂ ನಿನ್ನ ಪ್ರಾಯದಲ್ಲಿ ನೇತ್ರಾವತಿ ದಡದ ಒಂದು ಮುಚ್ಚಿದ ಹಂಚಿನ ಕಾರ್ಖಾನೆಗೆ ಕ್ಯಾಮೆರಾ ಹಿಡಿದು ನುಗ್ಗಿದ್ದೆ. ಯಾರಲ್ಲೂ ಕೇಳಿರಲಿಲ್ಲ, ಜೊತೆಗೆ ಯಾರೂ ಇರಲಿಲ್ಲ (ನೀನು ಹಾಗೆ ಮಾಡಬೇಡ, ಅಟ್ಟದ ಹಲಗೆ ಮುರಿದು ಮೊಣಕಾಲಿನವರೆಗೆ ಇಳಿದೆ, ಗಾಯದ ಗುರುತು ಈಗಲೂ ಇದೆ). 36 ಫೋಟೋದ ಎರಡು ಫಿಲ್ಮ್ ರೋಲು ಖಾಲಿ ಮಾಡಿದೆ. ಬರೀ ಬಿಸಿಲುಕೋಲು, ಜೇಡರ ಬಲೆ. ಈಗ ನನ್ನ ಹತ್ತಿರ ಉಳಿದಿರುವುದು ಒಂದೇ ಫೋಟೋ: ಹಸಿ ಹಂಚಿನ ಮೇಲೆ ನಾಯಿ ನಡೆದು ಹೋದ ಹೆಜ್ಜೆ, ಪಕ್ಕದಲ್ಲಿ ಯಾರೋ ಹೆಬ್ಬೆರಳಿನಿಂದ ತಿಕ್ಕಿ ಅಳಿಸಲು ನೋಡಿದ ಗುರುತು. ಅರ್ಧಕ್ಕೇ ಬಿಟ್ಟು, ಹಾಗೇ ಸುಟ್ಟಿದ್ದಾರೆ.

ಇಟಲಿಯ ವೋಲ್ಟೆರಾ ಊರಿನ ಹುಚ್ಚಾಸ್ಪತ್ರೆಯಲ್ಲಿ ಒರೆಸ್ಟೆ ಫರ್ನಾಂಡೊ ನಾನೆಟ್ಟಿ ಅಂತ ಒಬ್ಬ ರೋಗಿ ಇದ್ದ. ತನ್ನ ವೇಸ್ಟ್‌ಕೋಟಿನ ಬಕಲ್‌ನಿಂದ ಅಂಗಳದ ಗೋಡೆಯ ಗಾರೆ ಕೆರೆದು ವರ್ಷಗಟ್ಟಲೆ ಬರೆಯುತ್ತಾ ಹೋದ, ಸುಮಾರು 180 ಮೀಟರ್ ಉದ್ದಕ್ಕೆ. ಗೋಡೆಗೊರಗಿ ಬೆಂಚಿನಲ್ಲಿ ಅಲುಗಾಡದೆ ಕೂತವರನ್ನು ಏಳಿಸದೆ ಅವರ ತಲೆಯ ಸುತ್ತ ಬಳಸಿ ಬರೆದ, ಅಲ್ಲಿ ಅಷ್ಟಷ್ಟು ಜಾಗ ಖಾಲಿ ಉಳಿಯಿತು ಅನ್ನುತ್ತಾರೆ. ನಿನ್ನ ದೆವ್ವ ರಕ್ತದಲ್ಲಿ ಬರೆಯುತ್ತದೆ. ಈ ಬಕಲ್ ಮುಂದೆ ಆ ರಕ್ತ ಸಪ್ಪೆ ಅಲ್ವಾ?

ಅದೇ ಇಟಲಿಯಲ್ಲಿ ಮನೋವೈದ್ಯ ಫ್ರಾಂಕೊ ಬಸಾಲಿಯಾ ಮತ್ತು ಜೊತೆಗಾರರು ಹಟ ಹಿಡಿದದ್ದರಿಂದ 1978ರಲ್ಲಿ ಕಾನೂನು ಬಂತು, ಇಂಥ ಆಸ್ಪತ್ರೆಗಳು ಒಂದೊಂದಾಗಿ ಮುಚ್ಚಿದವು. ನೀನು ಖಾಲಿ ಮಂಚ ಕಂಡಲ್ಲೆಲ್ಲ ಯಾರೋ ಸತ್ತರು ಅಂತ ಬರೆದಿದ್ದೀಯ. ಮನೆಗೆ ಹೋಗಿರಬಾರದಾ?

ಕೊನೆಗೆ ನಿನ್ನ ಕಥೆಯ ಆ ರೋಗಿ ಹೆಂಗಸಿನ ವಿಷಯ. ಬೆಳ್ತಂಗಡಿ ಕಡೆಯವಳು ಅಂದಿದ್ದೀಯ, ಮನೆಮಾತು ತುಳು ಇರಬೇಕು, ಆದರೆ ಡಾಕ್ಟರ ಹತ್ತಿರ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಾಳೆ. ವೇಲ್ಸ್‌ನವರು 1848ರಲ್ಲಿ ಡೆನ್ಬಿಯಲ್ಲಿ ಬೇರೆಯೇ ಆಸ್ಪತ್ರೆ ತೆರೆದರು, ಯಾಕೆಂದರೆ ವೆಲ್ಶ್ ಮಾತ್ರ ಬರುವ ರೋಗಿಗಳನ್ನು ಇಂಗ್ಲೆಂಡಿಗೆ ಕಳಿಸಿದರೆ ಅಲ್ಲಿ ಅವರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಆಮೇಲೆ ಅದೂ ಪಾಳುಬಿತ್ತು. ನಿನ್ನ ಹೆಂಗಸು ತುಳುವಿನಲ್ಲಿ ಹೇಳಿದ್ದು ನಿನ್ನ ಡಾಕ್ಟರಿಗೆ ಅರ್ಥ ಆಯಿತಾ? ಮಧ್ಯೆ ನಿಂತು ಕನ್ನಡ ಮಾಡಿ ಹೇಳಿದವರು ಯಾರು, ಅವರು ಸರಿಯಾಗಿ ಹೇಳಿದರಾ?

ಅವಳನ್ನು ಕರೆತಂದವರು ಗಂಡನಾ, ಅಣ್ಣನಾ? ಯಾವ ಬಸ್ಸು? ಬರುವಾಗ ಎರಡು ಟಿಕೆಟ್, ಸಂಜೆ ಅದೇ ಬಸ್ಸಿನಲ್ಲಿ ವಾಪಸ್ ಹೋಗುವಾಗ ಒಂದು. ಕಂಡಕ್ಟರ್ ಏನಾದರೂ ಕೇಳಿದನಾ? ಅಷ್ಟು ಬರೆದು ಕಳಿಸು.

ಇಂತಿ,
ನಿನ್ನಣ್ಣ