ಕಾಕ್‌ಪಿಟ್ ಸಾಗುವಾನಿ ಕೆಲಸ ಸರಿ ಆಗಿಲ್ಲ, ಬಿಚ್ಚಿ ಮತ್ತೆ ಮಾಡ್ಕೊಡಿ

ಮ್ಯಾನೇಜರ್ ಅವರಿಗೆ ನಮಸ್ಕಾರ,

ಫೋನ್ ಮಾಡಿದ್ರೆ ಪ್ರತಿ ಸಲ "ನೋಡೋಣ ಸರ್, ಆಚಾರಿನ ಕಳಿಸ್ತೀನಿ" ಅಂತೀರ, ಯಾರೂ ಬರಲ್ಲ, ಅದಕ್ಕೆ ಈಗ ಬರ್ದೇ ಕಳಿಸ್ತಿದೀನಿ. ಮಂಗಳೂರಿನ ನಿಮ್ಮ ಯಾರ್ಡಲ್ಲಿ ಮೇ ತಿಂಗಳಲ್ಲಿ ನಮ್ಮ ಹಾಯಿದೋಣಿಯ ಕಾಕ್‌ಪಿಟ್‌ನ (ಕೂತು ದೋಣಿ ನಡೆಸೋ ಜಾಗದ) ಸವೆದ ಸಾಗುವಾನಿ ಪಟ್ಟಿ ಎಲ್ಲಾ ತೆಗ್ದು ಹೊಸದು ಹಾಕಿ, ಸುತ್ತ ಜೆಲ್‌ಕೋಟ್ (ಫೈಬರ್ ಮೇಲಿನ ನುಣುಪು ಹೊರಪದರ) ಪಾಲಿಶ್ ಮಾಡಿ ಕೊಟ್ರಿ. ತಗೊಳ್ಳೋ ದಿನ ಮದುವೆ ಮನೆ ತರ ಥಳಥಳ ಅಂತಿತ್ತು. ಒಂದೇ ಮಳೆಗಾಲಕ್ಕೆ ಬಣ್ಣ ಬಯಲಾಯ್ತು, ಅದೂ ದೋಣಿ ನೀರಿಗೆ ಇಳಿದೇ ಇಲ್ಲ, ದಡದ ಮೇಲೇ ಇತ್ತು.

ಸೀಟ್ ಮೇಲೆ ಪಟ್ಟಿಗಳ ನಡುವೆ ತುಂಬಿರೋ ಕಪ್ಪು ಸೀಲಂಟ್ ಉಗುರು ಹಾಕಿ ಎಳೆದ್ರೆ ಉದ್ದಕ್ಕೆ ಎದ್ದು ಬರ್ತಿದೆ. ಕೊಟೇಶನ್‌ನಲ್ಲಿ ಬರ್ದಿದ್ದು ದೋಣಿ ಸಂದಿಗೆ ಹಾಕೋ ಪಾಲಿಸಲ್ಫೈಡ್ ಸೀಲಂಟ್, ಸೀಟ್ ಕೆಳಗಿನ ಲಾಕರಲ್ಲಿ ನಿಮ್ಮವರು ಬಿಟ್ಟು ಹೋದ ಖಾಲಿ ಟ್ಯೂಬ್ ನೋಡಿದ್ರೆ ಬಾತ್‌ರೂಮ್ ಟೈಲ್ಸ್‌ಗೆ ಹಾಕೋ ಸಿಲಿಕೋನ್. ಸೀಲಂಟ್ ತಳಕ್ಕೆ ಅಂಟದ ಹಾಗೆ ಸಂದಿಯ ತಳದಲ್ಲಿ ಹಾಕೋ ಟೇಪೂ ಹಾಕಿಲ್ಲ. ಮರ ನೆನೆದಾಗ ಹಿಗ್ಗತ್ತೆ ಒಣಗಿದಾಗ ಕುಗ್ಗತ್ತೆ, ಸೀಲಂಟ್ ಎರಡು ಬದಿಗೆ ಮಾತ್ರ ಅಂಟಿದ್ರೆ ಅದರ ಜೊತೆ ಜಗ್ಗತ್ತೆ, ತಳಕ್ಕೂ ಅಂಟ್ಕೊಂಡ್ರೆ ಜಗ್ಗಕ್ಕೆ ಜಾಗ ಇಲ್ದೆ ಬಿಟ್ಕೊಳತ್ತೆ, ಇದು ದೋಣಿ ಕೆಲಸ ಮಾಡೋರಿಗೆ ನಾನು ಹೇಳ್ಕೊಡಬೇಕಾ? ಸಾಗುವಾನಿಯಲ್ಲಿ ಎಣ್ಣೆ ಇರೋದ್ರಿಂದ ಅಸಿಟೋನ್ ಹಾಕಿ ಒರೆಸಿ ತಕ್ಷಣ ಅಂಟಿಸ್ಬೇಕು, ಅದನ್ನೂ ಮಾಡಿದ ಹಾಗೆ ಕಾಣಲ್ಲ. ಈಗ ಸಿಲಿಕೋನ್ ಮೆತ್ತಿರೋ ಮರಕ್ಕೆ ಬೇರೆ ಯಾವ ಸೀಲಂಟೂ ಸರಿಯಾಗಿ ಹಿಡಿಯಲ್ಲ, ಅಂದ್ರೆ ಸಂದಿ ಮತ್ತೆ ಕೊರೀಬೇಕು.

ಮರದ ವಿಷಯ. ದಾಂಡೇಲಿ ಡಿಪೋ ಮಾಲು, ಬರೀ ಕೆಚ್ಚು (ಮರದ ಒಳಗಿನ ಗಟ್ಟಿ ಭಾಗ), ಗೆರೆ ನೆಟ್ಟಗಿರೋ ಹಾಗೆ ಕೊಯ್ಸಿದ್ದು, 12 ಎಂಎಂ ದಪ್ಪ ಅಂತ ಹೇಳಿ ಅದಕ್ಕೆ ತಕ್ಕ ರೇಟ್ ತಗೊಂಡ್ರಿ. ಬಂದಿರೋದು ಎಲ್ಲಿಯದೋ ಎಳೇ ಮರ. ಅರ್ಧ ಪಟ್ಟಿಗಳ ಅಂಚಲ್ಲಿ ಕೆಚ್ಚಲ್ಲದ ಬಿಳಿ ಮರ ಇದೆ, ಅಲ್ಲೆಲ್ಲಾ ಈಗಾಗಲೇ ಕಪ್ಪು ಬೂಸ್ಟು ಹಿಡಿದಿದೆ. ಚಪ್ಪಟೆಯಾಗಿ ಕೊಯ್ದಿರೋ ಪಟ್ಟಿಗಳು ಬಿಸಿಲಿಗೆ ಡೊಂಕಾಗಿ ಅಂಚು ಎದ್ದಿವೆ, ಬರಿಗಾಲಲ್ಲಿ ಓಡಾಡಿದ್ರೆ ಎಡವೋದು ಗ್ಯಾರಂಟಿ.

ಇದೆಲ್ಲಾ ಕಣ್ಣಿಗೆ ಕಾಣೋದು. ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಕೆಳಗೆ ಮಾಡಿರೋ ಕೆಲಸಕ್ಕೆ. ಸಾಗುವಾನಿ ಅಡಿಯಲ್ಲಿ ಇರೋದು ಫೈಬರ್, ಅದರ ನಡುವೆ ಬಾಲ್ಸಾ ಮರ, ಅದಕ್ಕೆ ನೀರು ಸೇರಿದ್ರೆ ಕೊಳೆತು ಹೋಗತ್ತೆ. ಅದಕ್ಕೇ ಹಳೇ ಸ್ಕ್ರೂ ತೂತುಗಳನ್ನ ದೊಡ್ಡದು ಮಾಡಿ ಎಪಾಕ್ಸಿ ತುಂಬಿ, ಹೊಸ ಪಟ್ಟಿನ ಸ್ಕ್ರೂ ಇಲ್ದೆ ಬರೀ ಅಂಟಲ್ಲಿ ಕೂರಿಸಬೇಕು ಅಂತ ಮೊದ್ಲೇ ಮಾತಾಗಿತ್ತು, ವಾಟ್ಸಾಪಲ್ಲಿ ನಿಮ್ಮ "ಓಕೆ ಸರ್" ಈಗಲೂ ಇದೆ. ನೀವು ಮಾಡಿದ್ದೇನು? ಹಳೇ ತೂತಿಗೇ ಹೊಸ ಸ್ಕ್ರೂ ಹೊಡೆದು ಮೇಲೆ ಮರದ ಬಿರಡೆ ಮುಚ್ಚಿದೀರ. ಬಿರಡೆ ಸುತ್ತ ಕಪ್ಪು ಕಲೆ ಬಂತು ಅಂತ ಒಂದು ತೆಗ್ಸಿ ನೋಡಿದ್ರೆ ಸ್ಕ್ರೂ ತುಕ್ಕು. ಅಯಸ್ಕಾಂತ ಗಟ್ಟಿಯಾಗಿ ಹಿಡ್ಕೊಳ್ತು, ಉಪ್ಪುನೀರು ತಡೆಯೋ 316 ಸ್ಟೇನ್‌ಲೆಸ್ ಸ್ಟೀಲ್ ಆಗಿದ್ರೆ ಹಾಗೆ ಹಿಡಿಯಲ್ಲ, ಬಿಲ್‌ನಲ್ಲಿ ಮಾತ್ರ 316 ಅಂತಾನೇ ಇದೆ. ಎಡಗಡೆ ಸೀಟ್‌ನ ಸುತ್ತಿಗೆ ಹಿಡಿಯಿಂದ ತಟ್ಟಿದ್ರೆ ಟಕ್ ಅನ್ನೋ ಬದಲು ದಬ್ ಅಂತಿದೆ, ನೀರು ಒಳಗೆ ಹೋಗಿರೋ ಲಕ್ಷಣ.

ಜೆಲ್‌ಕೋಟ್‌ನ ಒಂದು ಮೂಲೇಲಿ ಜಾಸ್ತಿ ಉಜ್ಜಿ ಒಳಗಿನ ಫೈಬರ್ ನೂಲು ಕಾಣ್ತಿದೆ. ನೀರು ಹೋಗೋ ಡ್ರೈನ್‌ನಲ್ಲಿ ನಿಮ್ಮವರ ಮರದ ಪುಡಿ, ಸೀಲಂಟ್ ಚೂರು ಸೇರಿ ಕಟ್ಕೊಂಡು ಮಳೆನೀರು ಕಾಕ್‌ಪಿಟ್‌ನಲ್ಲೇ ನಿಂತಿತ್ತು.

ನಿಮ್ಮ ಸೂಪರ್‌ವೈಸರ್ "ಪ್ರೆಶರ್ ವಾಷರ್ ಹೊಡೆದಿದೀರ, ಅದಕ್ಕೇ ಎದ್ದಿದೆ" ಅಂತಾರೆ. ನಮ್ಮ ಹತ್ರ ಪ್ರೆಶರ್ ವಾಷರೇ ಇಲ್ಲ ಸ್ವಾಮಿ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ರಜೆ, ಟ್ರಾಲ್ ಬೋಟೆಲ್ಲಾ ರಿಪೇರಿಗೆ ಮೇಲೆ ಬರೋ ಟೈಮು, ಜಾಗ ಖಾಲಿ ಮಾಡೋ ಅವಸರ ನಿಮಗಿತ್ತು, ಅದು ಅರ್ಥ ಆಗತ್ತೆ. ಆಗಲ್ಲ ಅಂದಿದ್ರೆ ಸೆಪ್ಟೆಂಬರಲ್ಲಿ ಕೊಡ್ತಿದ್ವಿ.

ನಮಗೆ ದುಡ್ಡು ವಾಪಸ್ ಬೇಡ, ಕೆಲಸ ಸರಿಯಾಗಿ ಬೇಕು. ಎರಡೂ ಸೀಟ್ ಪಟ್ಟಿ ಬಿಚ್ಚಿ, ಬಾಲ್ಸಾ ಎಷ್ಟು ಒದ್ದೆ ಆಗಿದೆ ಅಂತ ನನ್ನ ಎದುರಲ್ಲೇ ಮೀಟರ್ ಹಿಡಿದು ತೋರಿಸಿ, ಕೊಳೆತಿದ್ರೆ ಅಷ್ಟು ಭಾಗ ಬದಲಾಯಿಸಿ, ತೂತೆಲ್ಲಾ ಎಪಾಕ್ಸಿ ತುಂಬಿ. ಹೊಸ ಮರ ಕೊಯ್ಯೋ ಮುಂಚೆ ನನಗೆ ತೋರಿಸ್ಬೇಕು, ಸಂದಿಗೆ ಟೇಪ್ ಹಾಕಿ ಪಾಲಿಸಲ್ಫೈಡೇ ತುಂಬಬೇಕು, ಜೆಲ್‌ಕೋಟ್ ಮೂಲೆ ಮತ್ತೆ ಡ್ರೈನೂ ಸರಿ ಮಾಡ್ಬೇಕು. ಮಾಲು, ಕೂಲಿ ಎಲ್ಲಾ ನಿಮ್ಮದೇ. 15 ದಿನದೊಳಗೆ ಲಿಖಿತ ಉತ್ತರ ಬರ್ಲಿಲ್ಲ ಅಂದ್ರೆ ಬಿಲ್, ಫೋಟೋ, ಆ ಸಿಲಿಕೋನ್ ಟ್ಯೂಬು, ತುಕ್ಕು ಸ್ಕ್ರೂ ಎಲ್ಲಾ ತಗೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ.

ಬಿಚ್ಚೋ ದಿನ ಮೊದ್ಲೇ ತಿಳಿಸಿ, ಬಂದು ನಿಂತ್ಕೋತೀನಿ. ಬಿಚ್ಚಿದ ಪಟ್ಟಿ ಯಾವುದನ್ನೂ ಎಸೀಬೇಡಿ.

ಇಂತಿ,
ದೋಣಿ ಮಾಲೀಕ