ಹಕ್ಕಿಗೆ ಮರ ಮಾತ್ರವಲ್ಲ, ಕೆರೆಯೂ ಬೇಕು

ಮಾನ್ಯ ಸಂಪಾದಕರೇ,

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳನ್ನು ನೋಡಲು ಬರುವವರು ಬಹಳ. ಅವು ಗೂಡು ಕಟ್ಟಿರುವ ಹುಣಸೆ ಮರಗಳ ಬುಡವನ್ನು ಗಮನಿಸುವವರು ಕಡಿಮೆ. ಅಲ್ಲಿನ ರೈತರು ಮರದಡಿ ಗುಂಡಿ ತೋಡಿ, ಕೆರೆಯ ಗೋಡು, ಅಂದರೆ ಹೂಳುಮಣ್ಣು, ತಂದು ಹರಡಿ, ಅದರ ಮೇಲೆ ಬೀಳುವ ಹಿಕ್ಕೆಯನ್ನು ಬೆರೆಸಿ ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತಾ ಬಂದವರು. ಹಿಕ್ಕೆಯಿಂದ ಹುಣಸೆ ಫಸಲು ಕೆಟ್ಟರೂ ಅವರು ಹಕ್ಕಿಯನ್ನು ಓಡಿಸಲಿಲ್ಲ ಎಂಬುದನ್ನು ಗೌರವದಿಂದ ನೆನೆಯಬೇಕು.

ಮಳೆನೀರು ಹೊಲದ ಸಾರವನ್ನು ಕೊಚ್ಚಿಕೊಂಡು ಕೆರೆಗೆ ಇಳಿಯುತ್ತದೆ. ಹಾಗೆ ಇಳಿದ ಸಾರಜನಕದ ಒಂದು ಪಾಲು ಗಾಳಿಗೆ ಸೇರಿ ಎಂದಾದರೂ ಮಣ್ಣಿಗೆ ಮರಳಬಹುದು, ರಂಜಕಕ್ಕೆ ಆ ದಾರಿಯೂ ಇಲ್ಲ. ಅದು ಹೂಳಿನಲ್ಲಿ ಉಳಿಯುತ್ತದೆ, ಪಾಚಿಯ ಮೂಲಕ ಮೀನಿನ ಮೈ ಸೇರುತ್ತದೆ. ತೈಲೂರು ಕೆರೆ, ಸೂಳೆಕೆರೆ, ಶಿಂಷಾ ನದಿಗಳಿಂದ ಮೀನು ತಂದು ಮರಿಗಳಿಗೆ ಉಣಿಸುವ ಹಕ್ಕಿ ಮತ್ತು ಬೇಸಿಗೆಯಲ್ಲಿ ಗಾಡಿಗಟ್ಟಲೆ ಗೋಡು ಹೊಡೆಯುತ್ತಿದ್ದ ರೈತ, ಇವರಿಬ್ಬರೇ ಆ ಸಾರವನ್ನು ಮತ್ತೆ ದಿಣ್ಣೆಗೆ ಏರಿಸುತ್ತಿದ್ದವರು.

ಇಂದು ಇಳಿಯುವುದು ಹೆಚ್ಚಿದೆ, ಏರುವುದು ತಗ್ಗಿದೆ. ಕಬ್ಬು, ಭತ್ತದ ಗದ್ದೆಗಳಿಗೆ ಅಗತ್ಯ ಮೀರಿ ಸುರಿದ ಯೂರಿಯಾ, ರಂಜಕವಿರುವ ಡಿಎಪಿ ಗೊಬ್ಬರಗಳ ಒಂದಂಶ ಕೆರೆಗೆ ಸೇರುತ್ತದೆ, ಊರಿನ ಚರಂಡಿಯೂ ಅಲ್ಲಿಗೇ ಹರಿಯುತ್ತದೆ. ಪಾಚಿ ಮತ್ತು ಜಲಕಳೆ ಕೊಬ್ಬಿದಂತೆ ನೀರಿನ ಆಮ್ಲಜನಕ, ಅದರಲ್ಲೂ ಬೆಳಗಿನ ಜಾವದ ಹೊತ್ತಿಗೆ, ಕುಸಿದು ಮೀನು ಸಾಯುತ್ತದೆ. ಗೋಡು ಹೊಡೆಯುವ ರೂಢಿ ಬಹುತೇಕ ನಿಂತಿರುವುದರಿಂದ, ಕೆರೆಯ ತಳದಲ್ಲಿ ರಂಜಕ ಕೂಡಿಬೀಳುತ್ತಿರುವಾಗಲೇ ದಂಡೆಯ ಮೇಲಿನ ರೈತ ಅದೇ ರಂಜಕವನ್ನು ಚೀಲದಲ್ಲಿ ಕೊಂಡು ತರುತ್ತಿದ್ದಾನೆ. ನನಗೆ ಅತ್ಯಂತ ನೋವು ತರುವ ಸಂಗತಿ ಇದೇ.

2007ರಲ್ಲಿ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದ್ದು ಸ್ವಾಗತಾರ್ಹವೇ. ಆದರೆ ಗೂಡಿಗೆ ಸಿಕ್ಕ ರಕ್ಷಣೆ ಹಕ್ಕಿ ಮೀನು ಹಿಡಿಯಲು ಹೋಗುವ ಕೆರೆಗಳವರೆಗೆ ತಲುಪಿಲ್ಲ. 2017ರ ಕೊನೆಯಿಂದ ಕೆಲವು ತಿಂಗಳು ಇಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತಾಗ ಅವುಗಳ ದೇಹದಲ್ಲಿ ಜಂತುಹುಳುಗಳು ಕಂಡುಬಂದಿದ್ದವು. ಅಂಥ ಹುಳು ಹಕ್ಕಿಯ ಹೊಟ್ಟೆ ಸೇರುವುದು ಮೀನಿನ ಮೂಲಕವೇ.

ಆದ್ದರಿಂದ ಅರಣ್ಯ ಇಲಾಖೆ, ಮೀನುಗಾರಿಕೆ ಇಲಾಖೆ ಮತ್ತು ಸುತ್ತಲಿನ ಗ್ರಾಮ ಪಂಚಾಯಿತಿಗಳು ಒಟ್ಟಿಗೆ ಕುಳಿತು, ಹಕ್ಕಿಗಳು ಮರಿ ಸಾಕುವ ತಿಂಗಳುಗಳಲ್ಲಿ ಈ ಕೆರೆಗಳ ಆಳವಿಲ್ಲದ ಅಂಚುಗಳಲ್ಲಿ ಬಲೆ ಹಾಕದಂತೆ ಮೀನುಗಾರಿಕೆ ಗುತ್ತಿಗೆಯಲ್ಲೇ ಷರತ್ತು ವಿಧಿಸಬೇಕೆಂದು ಕೋರುತ್ತೇನೆ. ಜೊತೆಗೆ, ಕೆರೆಯಿಂದ ತೆಗೆದ ಹೂಳು ಇಟ್ಟಿಗೆ ಗೂಡಿಗೆ ಹೋಗದೆ, ಮಣ್ಣು ಪರೀಕ್ಷೆಯ ನಂತರ ಅಚ್ಚುಕಟ್ಟಿನ ಸಣ್ಣ ರೈತರ ಹೊಲಕ್ಕೇ ಸಿಗಬೇಕು. ಸಾಗಣೆಯ ವೆಚ್ಚದಲ್ಲಿ ಒಂದು ಪಾಲನ್ನಾದರೂ ಸರ್ಕಾರ ಭರಿಸಿದರೆ ಈ ಬೇಸಿಗೆಯಲ್ಲೇ ಗೋಡು ಹೊಡೆಯಲು ಮುಂದಾಗುವ ರೈತರಿದ್ದಾರೆ.

ಇಂತಿ,
ಮದ್ದೂರು ತಾಲ್ಲೂಕಿನ ಓರ್ವ ಓದುಗ